ಏಸಿ ಬೆಂಟನ್‌ವಿಲ್‌ನದು, ಸಂಬಳ ದೇವರಿಚ್ಛೆ

ಅಮೆರಿಕದ ಯಾವುದೋ ಮೂಲೆಯ ವಾಲ್‌ಮಾರ್ಟ್ ಅಂಗಡಿಯಲ್ಲಿ ಸೆಖೆಯಾದರೆ ಅಲ್ಲಿನ ಮ್ಯಾನೇಜರ್ ಏನೂ ಮಾಡುವ ಹಾಗಿರಲಿಲ್ಲ. ಏಸಿಯ ಹಿಡಿತ ಇದ್ದದ್ದು ಅರ್ಕನ್ಸಾಸ್‌ನ ಬೆಂಟನ್‌ವಿಲ್‌ನಲ್ಲಿ, ಮುಖ್ಯ ಕಚೇರಿಯಲ್ಲಿ. ಮೀಟಿಂಗ್‌ನಲ್ಲಿ ನೌಕರರು ಕಂಪನಿಯ ಹೆಸರನ್ನು ಒಂದೊಂದೇ ಅಕ್ಷರವಾಗಿ ಕೂಗಬೇಕಿತ್ತು. ಹೆಸರಿನ ನಡುವೆ ಆಗ ಒಂದು ಗುರುತಿತ್ತು. ಅದು ಬಂದಾಗ ಎಲ್ಲರೂ ಸೊಂಟ ಕುಣಿಸಬೇಕು. ಇಷ್ಟು ಶಿಸ್ತು ನಮ್ಮ ಶಾಲೆಯ ಡ್ರಿಲ್ಲಿನಲ್ಲೂ ಇರಲಿಲ್ಲ ಬಿಡಿ.

ಸಂಬಳ, ಬಡ್ತಿ? ಅದು ಮಾತ್ರ ಮ್ಯಾನೇಜರ್ ಇಷ್ಟ. ಬೆಂಟನ್‌ವಿಲ್‌ಗೆ ಏನೂ ಗೊತ್ತಿಲ್ಲ, ಪಾಪ.

ಆಗ ಅಲ್ಲಿ ಗಂಟೆ ಲೆಕ್ಕದ ಕೆಲಸಗಳಲ್ಲಿ ಹೆಂಗಸರು ಶೇ. 70, ಮ್ಯಾನೇಜರ್ ಕುರ್ಚಿಗಳಲ್ಲಿ ಶೇ. 33. ಕ್ಯಾಲಿಫೋರ್ನಿಯಾದ ಪಿಟ್ಸ್‌ಬರ್ಗ್ ಅಂಗಡಿಯ ಬೆಟ್ಟಿ ಡ್ಯೂಕ್ಸ್ ಮತ್ತು ಇನ್ನೂ ಕೆಲವರು ಸಂಬಳ, ಬಡ್ತಿಯಲ್ಲಿ ಹೆಂಗಸರಿಗೆ ತಾರತಮ್ಯ ಆಗಿದೆ ಅಂತ 2001ರಲ್ಲಿ ಕೋರ್ಟಿಗೆ ಹೋದರು. ಸುಮಾರು 15 ಲಕ್ಷ ಹೆಂಗಸರ ಪರವಾಗಿ, 3,400 ಅಂಗಡಿಗಳ ವಿರುದ್ಧ ಒಂದೇ ಕೇಸು. ಒಟ್ಟಿಗೆ ಕೇಸು ಹಾಕಬಹುದಾ ಅಂತ ತೀರ್ಮಾನಿಸುವುದಕ್ಕೇ ಹತ್ತು ವರ್ಷ ಬೇಕಾಯಿತು. ತಾರತಮ್ಯ ಆಗಿದೆಯಾ ಅನ್ನುವ ವಿಚಾರಣೆ ಶುರುವೇ ಆಗಲಿಲ್ಲ.

2011ರ ಜೂನ್ 20ರಂದು ಅಮೆರಿಕದ ಸುಪ್ರೀಂ ಕೋರ್ಟ್, ಒಟ್ಟಿಗೆ ಆಗುವುದಿಲ್ಲ ಅಂದಿತು. ಮುಖ್ಯ ಪ್ರಶ್ನೆಯಲ್ಲಿ ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ತೀರ್ಪು ಬರೆದವರು ನ್ಯಾಯಮೂರ್ತಿ ಸ್ಕಾಲಿಯಾ. ತಾರತಮ್ಯ ಮಾಡಬೇಡಿ ಅಂತ ಕಂಪನಿ ಬರೆದಿಟ್ಟಿದೆ. ಹಾಗಿರುವಾಗ ಮುಖ್ಯ ಕಚೇರಿಯಿಂದ ಯಾರೂ ಹೇಳದೆ ಅಷ್ಟೊಂದು ಮ್ಯಾನೇಜರುಗಳು ಒಂದೇ ಥರ ನಡೆದುಕೊಳ್ಳುವುದು ನಂಬುವ ಮಾತಲ್ಲ ಅಂದರು. ಹೌದಲ್ವಾ? ಹೆಂಗಸರು ಕೊನೆಯ ಪಂಕ್ತಿಯಲ್ಲಿ ಉಣ್ಣಬೇಕು ಅಂತಲೂ ಯಾವುದೋ ಗೆಜೆಟ್‌ನಲ್ಲಿ ಬಂದಿರಲೇಬೇಕು. ಇಲ್ಲದಿದ್ದರೆ ಅಷ್ಟೊಂದು ಮನೆಗಳಲ್ಲಿ ಒಂದೇ ಥರ ಹೇಗೆ ಆಗುತ್ತಿತ್ತು?

ಸುಮಾರು 120 ಹೆಂಗಸರು ತಮಗಾದದ್ದನ್ನು ಬರೆದುಕೊಟ್ಟಿದ್ದರು. ಕೋರ್ಟು ಭಾಗಾಕಾರ ಮಾಡಿತು: 12,500 ಮಂದಿಗೆ ಒಂದೇ ಕಥೆ. ಸಾಲದು. ನೋವಿಗೂ ಕೋರಂ ಬೇಕು.

ಹಾಗಾಗಿ ಅಂಗಡಿ ಇಡುವವರು ಸುಮ್ನೆ ಚಿಕ್ಕದಾಗಿ ಇಡಬೇಡಿ. ಹತ್ತು ಜನರಿಗೆ ಕಮ್ಮಿ ಕೊಟ್ಟರೆ ಹತ್ತೂ ಜನ ಒಟ್ಟಾಗಿ ಬಂದು ಹಿಡಿಯುತ್ತಾರೆ. 15 ಲಕ್ಷ ಜನರಿಗೆ ಕೊಟ್ಟು ನೋಡಿ, 'ಇವರಿಗೆಲ್ಲ ಸಮಾನವಾದದ್ದು ಏನಿದೆ' ಅಂತ ದೊಡ್ಡ ದೊಡ್ಡವರು ತಲೆ ಕೆರೆದುಕೊಳ್ಳುತ್ತಾರೆ.

ತೀರ್ಪು ಬಂದಾಗಲೂ ಬೆಟ್ಟಿ ಡ್ಯೂಕ್ಸ್ ಅದೇ ಕಂಪನಿಯ ಅಂಗಡಿ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಸ್ವಾಗತಿಸುತ್ತಿದ್ದರು. ಬೆಂಟನ್‌ವಿಲ್ ಗೊತ್ತುಮಾಡಿದ ತಂಪಿನಲ್ಲಿ.