ಆಡಿಟರ್ ಸಾಹೇಬರ ಸವಾರಿ

ಒಳ ಆಡಿಟ್‌ಗೆ, ಅಂದರೆ ವರ್ಷದ ನಡುವಿನ ಲೆಕ್ಕ ತಪಾಸಣೆಗೆ, ಇಂಥಾ ದಿನ ಬರುತ್ತೇವೆಂದು 15 ದಿನ ಮುಂಚೆ ಕಾಗದ ಬರೆಯುವ ಸೌಜನ್ಯ ಮಂಡ್ಯ ಸೀಮೆಯ ಸಹಕಾರ ಸಂಘಗಳಲ್ಲಿ ಇನ್ನೂ ಉಳಿದಿದೆ. ಬೀಗರು ಕೂಡ ಇಷ್ಟು ಟೈಮು ಕೊಡುವುದಿಲ್ಲ. ಕಾಗದ ತಲುಪಿದ ರಾತ್ರಿಯೇ ಗುಮಾಸ್ತರು ಮೂರು ಪೆನ್ನು ಹಿಡಿದು ಕೂರುತ್ತಾರೆ. ಮೂರು ತಿಂಗಳ ನಗದು ಪುಸ್ತಕ ಬೆಳಗಾಗುವುದರೊಳಗೆ ರೆಡಿ.

ಮೊದಲ ಕೆಲಸ ನಗದು ಎಣಿಕೆ. ಬಾಗಿಲು ತೆಗೆದ ಕೂಡಲೇ, ವ್ಯವಹಾರ ಶುರುವಾಗುವ ಮುನ್ನ, ಖಜಾಂಚಿಯ ಎದುರೇ ನೋಟು ಎಣಿಸಿ ಪುಸ್ತಕದ ಶಿಲ್ಕಿಗೆ (ಉಳಿಕೆ ಮೊತ್ತಕ್ಕೆ) ತಾಳೆ ನೋಡಿ ಸಹಿ ಪಡೆಯಬೇಕು. ಇಲ್ಲಿ 11ಕ್ಕೆ ಕಾಫಿ, ಮದ್ದೂರು ವಡೆ; ಎಣಿಕೆ 12ಕ್ಕೆ. ಅಷ್ಟರಲ್ಲಿ ಪೆಟ್ಟಿಗೆಯೊಳಗಿನ ‘ಅಡ್ವಾನ್ಸ್’ ಚೀಟಿಗಳೆಲ್ಲ ಪಕ್ಕದಂಗಡಿ ಕೈಸಾಲದ ದಯದಿಂದ ನೋಟುಗಳಾಗಿರುತ್ತವೆ. ಸಂಜೆ ಮತ್ತೆ ಚೀಟಿ.

ಆಮೇಲೆ ಗೋದಾಮು. ಪಶು ಆಹಾರದ ಚೀಲಗಳ ಅಟ್ಟಿ: ಉದ್ದಕ್ಕೆ 6, ಅಗಲಕ್ಕೆ 5, ಎತ್ತರಕ್ಕೆ 4. ಒಟ್ಟು 120. ದಾಸ್ತಾನು ಪುಸ್ತಕದಲ್ಲೂ 120. ಸಾಹೇಬರು ಬಾಗಿಲಲ್ಲೇ ನಿಂತು ಟಿಕ್ ಹಾಕಿದರು. ಮೇಲಿನ ವರಸೆಯ ನಡುವಿನ ಒಂದು ಚೀಲ ಎತ್ತಿಸಿದ್ದರೆ ಕೆಳಗೆ ಹಲಗೆ, ಹಲಗೆಯ ಕೆಳಗೆ ಬರೀ ಗಾಳಿ: ಸುತ್ತಲಿನ ಒಂದು ಸಾಲು ಬಿಟ್ಟರೆ ನಾಲ್ಕು ಮೂರಲ 12, ಕೆಳಗಿನ ಮೂರು ವರಸೆಗೆ 36 ಚೀಲ ಮಾಯ. ಚೀಲಕ್ಕೆ 50 ಕಿಲೋ ಹಿಡಿದರೆ 1,800 ಕಿಲೋ. ಆದರೆ ಇಸ್ತ್ರಿ ಅಂಗಿಗೆ ಹಿಂಡಿಯ ಧೂಳು ಯಾರಿಗೆ ಬೇಕು?

ಬಿಲ್ಲುಗಳ ಫೈಲು ಇನ್ನೂ ಸೊಗಸು. ಒಂದೇ ಅಂಗಡಿಯ ಬಿಲ್ಲು, ಏಪ್ರಿಲ್‌ನಲ್ಲಿ ನಂಬರ್ 41, ಜೂನ್‌ನಲ್ಲಿ 42, ಆಗಸ್ಟ್‌ನಲ್ಲಿ 43. ಪಾಪ, ಸಂಘ ಬಿಟ್ಟರೆ ಆ ಅಂಗಡಿಗೆ ಬೇರೆ ಗಿರಾಕಿಯೇ ಇಲ್ಲ. ಮೂರು ಕೊಟೇಶನ್, ಮೂರರಲ್ಲೂ ‘ಸರಬರಾಜು’ ಬದಲು ‘ಸಬರಾಜು’.

ಆರ್ಡರ್ ಹಾಕುವವರು, ಸರಕು ಇಳಿಸಿಕೊಳ್ಳುವವರು, ಚೆಕ್ ಬರೆಯುವವರು ಬೇರೆಬೇರೆ ಇರಬೇಕು. ಇಲ್ಲಿ ಮೂರೂ ಕೆಲಸ ಕಾರ್ಯದರ್ಶಿಗಳೊಬ್ಬರದೇ. ಇದನ್ನು ವರ್ಷದ ನಡುವೆ ಹಿಡಿಯಲೆಂದೇ ಒಳ ಆಡಿಟ್ ಇರುವುದು. ವರ್ಷದ ಕೊನೆಯ ಆಡಿಟ್ ಬರುವ ಹೊತ್ತಿಗೆ ಹಿಂಡಿ ಯಾರದೋ ದನದ ಹೊಟ್ಟೆ ಸೇರಿರುತ್ತದೆ.

ಪ್ರೈವೇಟ್ ಕಂಪನಿಯಾದರೂ ವಹಿವಾಟು 200 ಕೋಟಿ ಮುಟ್ಟಿದರೆ ಒಳ ಆಡಿಟರನ್ನು ನೇಮಿಸಲೇಬೇಕು, 2013ರ ಕಂಪನಿ ಕಾಯ್ದೆಯ 138ನೇ ಕಲಂ ಪ್ರಕಾರ. ಅಲ್ಲಿ ವರದಿ ಆಡಳಿತ ಮಂಡಳಿಗೆ ಹೋಗುತ್ತದೆ. ಇಲ್ಲಿ ನೇರ ಕಾರ್ಯದರ್ಶಿಗಳ ಮೇಜಿಗೆ. ಆಡಿಟರ್ ಫೀಸಿನ ಚೆಕ್ಕಿಗೆ ಸಹಿ ಹಾಕುವವರೂ ಅವರೇ ಅನ್ನುವುದು ಬೇರೆ ಮಾತು.

ವರದಿಯಲ್ಲಿ ಒಂದೇ ಆಕ್ಷೇಪಣೆ: ಗೋದಾಮಿನ ಕಿಟಕಿಗೆ ಜಾಲರಿ ಇಲ್ಲ, ಇಲಿ ಕಾಟ. ಆಕ್ಷೇಪಣೆ ಸರಿಪಡಿಸಿದ್ದೇವೆಂಬ ಪಾಲನಾ ವರದಿ ಮರುದಿನವೇ ಹೋಯಿತು: ಮೂರು ಕೊಟೇಶನ್ ಪಡೆದು ಜಾಲರಿ ‘ಸಬರಾಜು’ ಆಗಿದೆ, ಬಿಲ್ ನಂಬರ್ 44.