ಅರ್ಧ ಒರೆಸಿದ ಟ್ಯಾಂಕು

ಸ್ವಚ್ಛವಾಗಿದ್ದನ್ನು ಯಾರಾದರೂ ಕೊಳಕು ಮಾಡಿದರೆ ಬರುವ ಸಿಟ್ಟು ಎಲ್ಲರಿಗೂ ಗೊತ್ತು. ನನಗೆ ಬಂದಿರುವುದು ಬೇರೆ ಥರದ್ದು. ಕೊಳಕಾಗಿದ್ದನ್ನು ಒಬ್ಬರು ಸ್ವಚ್ಛ ಮಾಡಿಬಿಟ್ಟಿದ್ದಾರೆ. ಅದೂ ಅರ್ಧ. ಹೇಳಿಕೊಂಡರೆ ಯಾರೂ ನನ್ನ ಪರ ಬರುವುದಿಲ್ಲ. ಆಫೀಸಿನಲ್ಲಿ ಒಬ್ಬನಿಗೆ ಹೇಳಿದೆ. "ಒಳ್ಳೇದೇ ಮಾಡಿದ್ದಾರಲ್ಲ ಪಾಪ!" ಅಂದ. ಅವನ ಜೊತೆ ಮಾತು ಕಮ್ಮಿ ಮಾಡಿದ್ದೇನೆ.

ವಿಷಯ ಏನಪ್ಪಾ ಅಂದರೆ, ನಾನು ಬಿಡುವಿನಲ್ಲಿ ಯುದ್ಧದ ಟ್ಯಾಂಕುಗಳ ಪ್ಲಾಸ್ಟಿಕ್ ಮಾದರಿ ಜೋಡಿಸುತ್ತೇನೆ. ನಿಜವಾದ ಟ್ಯಾಂಕಿನ 35ರಲ್ಲಿ ಒಂದು ಪಾಲಿನಷ್ಟು ದೊಡ್ಡದು. ಈ ಸಲ ಕೈಗೆತ್ತಿಕೊಂಡಿದ್ದು ಎರಡನೇ ಮಹಾಯುದ್ಧದ ಸೋವಿಯತ್ ಟಿ-34. ಅದರ ಒಂದೊಂದು ಬದಿಯ ಚೈನಿಗೆ 72 ಕೊಂಡಿ. ಒಂದಕ್ಕೆ ಹಲ್ಲು ಇರುತ್ತದೆ, ಪಕ್ಕದ್ದಕ್ಕೆ ಇರುವುದಿಲ್ಲ, ಅದರ ಪಕ್ಕದ್ದಕ್ಕೆ ಮತ್ತೆ ಇರುತ್ತದೆ. ಎರಡೂ ಬದಿ ಸೇರಿದರೆ 144. ಪ್ರತಿಯೊಂದನ್ನೂ ಕತ್ತರಿಸಬೇಕು, ಕತ್ತರಿಸಿದ ಗುರುತನ್ನು ಉಜ್ಜಿ ತೆಗೆಯಬೇಕು, ಸಾಲಾಗಿ ಅಂಟಿಸಬೇಕು, ಗಮ್ ಒಣಗುವ ಮೊದಲೇ ಚಕ್ರಕ್ಕೆ ಸುತ್ತಬೇಕು. "ಇದನ್ನೆಲ್ಲ ಯಾರು ನೋಡ್ತಾರೋ?" ಅಂತ ಅಪ್ಪ ಕೇಳಿದ್ದರು. ಯಾರೂ ನೋಡುವುದಿಲ್ಲ. ಅರ್ಧದಷ್ಟು ಕೊಂಡಿ ಆಮೇಲೆ ನಾನೇ ಮೆತ್ತುವ ಕೆಸರಿನಲ್ಲಿ ಮುಚ್ಚಿಹೋಗುತ್ತವೆ.

ಹೌದು, ಕೆಸರು. ಈ ಹವ್ಯಾಸದಲ್ಲಿ ಹೊರಗಿನವರಿಗೆ ಅರ್ಥವಾಗದ ಭಾಗ ಇದೇ. ಮೊದಲು ಉಸಿರು ಬಿಗಿಹಿಡಿದು ತೆಳ್ಳಗೆ, ನುಣ್ಣಗೆ ಬಣ್ಣ ಹೊಡೆಯಬೇಕು. ಒಂದು ಕೂದಲು ಅಂಟಿದರೂ ಉಜ್ಜಿ ತೆಗೆದು ಮತ್ತೆ ಹೊಡೆಯಬೇಕು. ಎಲ್ಲ ಚೆನ್ನಾಗಿ ಬಂತು ಅಂದ ಮೇಲೆ ಹಾಳು ಮಾಡುವ ಕೆಲಸ ಶುರು. ಬೋಲ್ಟುಗಳ ಸುತ್ತ ಕಂದು ಬಣ್ಣವನ್ನು ಥಿನ್ನರ್‌ನಲ್ಲಿ ನೀರಾಗಿಸಿ ಇಳಿಸಬೇಕು. ಸ್ಪಂಜಿನ ಚೂರಿನಿಂದ ಅಂಚುಗಳಲ್ಲಿ ಬಣ್ಣ ಎದ್ದುಹೋದ ಗುರುತು ಒತ್ತಬೇಕು. ಸೈಲೆನ್ಸರ್ ಕೊಳವೆಗೆ ತುಕ್ಕು. ಚೈನು ನೆಲಕ್ಕೆ ತಾಗುವ ಕಡೆ ಪೆನ್ಸಿಲ್ ಸೀಸ ತಿಕ್ಕಿ ಉಕ್ಕಿನ ಹೊಳಪು. ಕೊನೆಗೆ ಪುಡಿ ಬಣ್ಣ ಉದುರಿಸಿ ಧೂಳು. ಕೆಲವರು ಟ್ಯಾಂಕಿಗೆ ಅಡಿಯಿಂದ ಮುಡಿವರೆಗೆ ತುಕ್ಕು ಹಿಡಿಸುತ್ತಾರೆ, ನನಗೆ ಅದು ಸುತರಾಂ ಹಿಡಿಸುವುದಿಲ್ಲ. ಆ ಯುದ್ಧದಲ್ಲಿ ಎಷ್ಟೋ ಟ್ಯಾಂಕುಗಳು ತುಕ್ಕು ಹಿಡಿಯುವಷ್ಟು ದಿನ ಉಳಿಯಲೇ ಇಲ್ಲ.

ಇನ್ನೊಂದು ತಮಾಷೆ ಇದೆ. ಮನೆಯ ಧೂಳು ಪುಕ್ಕಟೆ, ಆದರೆ ಕೆಲಸಕ್ಕೆ ಬರುವುದಿಲ್ಲ. ಲೆಕ್ಕ ಹಾಕಿ ನೋಡಿ. ನಮ್ಮ ತಲೆಗೂದಲು ಸುಮಾರು 0.07 ಮಿ.ಮೀ. ದಪ್ಪ. ಅದು ಈ ಟ್ಯಾಂಕಿನ ಮೇಲೆ ಬಿದ್ದರೆ ಎರಡೂವರೆ ಮಿ.ಮೀ. ದಪ್ಪದ ತಂತಿ. ಬಟ್ಟೆಯ ನೂಲಿನ ಎಳೆ ಬಿದ್ದರೆ ಹಗ್ಗ. ಹಾಗಾಗಿ ನಿಜವಾದ ಧೂಳನ್ನು ಮೆತ್ತನೆಯ ಬ್ರಷ್‌ನಿಂದ ಓಡಿಸುತ್ತಲೇ ಇರಬೇಕು, ಸುಳ್ಳು ಧೂಳು ಮಾತ್ರ ಒಂದು ಕಣವೂ ಅಲ್ಲಾಡಬಾರದು. ಈ ಎರಡು ಧೂಳಿನ ವ್ಯತ್ಯಾಸ ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಗೊತ್ತು.

ಈಗ ಅಪ್ಪನ ವಿಷಯಕ್ಕೆ ಬರುತ್ತೇನೆ.

ಅಪ್ಪ ಒರೆಸುತ್ತಾರೆ. ಬೇರೆಯವರು ಫೋನ್ ನೋಡುತ್ತಾ ಮಾತಾಡುತ್ತಾರಲ್ಲ, ಅಪ್ಪ ಒರೆಸುತ್ತಾ ಮಾತಾಡುತ್ತಾರೆ. ಕೈಯಲ್ಲಿ ಒಂದು ಒದ್ದೆ ಬಟ್ಟೆ ಇದ್ದೇ ಇರುತ್ತದೆ. ಸ್ವಿಚ್ ಬೋರ್ಡು, ರಿಮೋಟಿನ ಗುಂಡಿಗಳ ಸಂದು, ಗಿಡದ ಎಲೆ, ಫ್ಯಾನಿನ ರೆಗ್ಯುಲೇಟರು. ನೆಂಟರು ಬಂದು ಕನ್ನಡಕ ತೆಗೆದು ಟೀಪಾಯಿಯ ಮೇಲಿಟ್ಟರೆ, ಅವರು ಮುಖ ತೊಳೆದು ಬರುವಷ್ಟರಲ್ಲಿ ಅದು ಫಳಫಳ. ಒಮ್ಮೆ ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತು ಮಾತಾಡುತ್ತಿದ್ದಾಗ ಅವರ ಸ್ಕೂಟರಿನ ಕನ್ನಡಿಯನ್ನೇ ಒರೆಸಿಕೊಟ್ಟಿದ್ದರು. ಅವರು ಥ್ಯಾಂಕ್ಸ್ ಅಂದರು. ಅದೇ ತಪ್ಪಾಗಿದ್ದು, ಅವತ್ತಿಂದ ಇಂಡಿಕೇಟರನ್ನೂ ಒರೆಸುತ್ತಾರೆ. ನೆಲ ಒರೆಸುವಾಗ ಸಿಕ್ಕಿದ ಚೂರುಪಾರನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿಡುತ್ತಾರೆ. ಶರ್ಟಿನ ಗುಂಡಿ, ಪಿನ್ನು, ಸ್ಕ್ರೂ, ಅವುಗಳ ಜೊತೆಗೆ ನನ್ನ ಚಿಮಟದಿಂದ ಚಿಮ್ಮಿ ಮಾಯವಾದ ಹಿತ್ತಾಳೆಯ ಕೊಕ್ಕೆಗಳು. ಒಪ್ಪಬೇಕಾದ ಮಾತು.

ನನ್ನ ಮೇಜಿನ ವಿಚಾರದಲ್ಲಿ ಅವರದು ಎರಡೇ ಪ್ರಶ್ನೆ. ಮೊದಲನೆಯದು, "ಇದು ಓಡುತ್ತಾ?" ಓಡಲ್ಲ ಅಂದರೆ, "ಮತ್ತೆ ಯಾಕೆ?" ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಇನ್ನೂ ಹೊಟ್ಟೆ ಉರಿಯುವ ಸಂಗತಿ ಅಂದರೆ, ಈ ಅಳತೆ ಹುಟ್ಟಿದ್ದೇ ಓಡಿಸುವುದಕ್ಕೆ. 1960ರ ದಶಕದ ಆರಂಭದಲ್ಲಿ ಜಪಾನಿನ ತಾಮಿಯಾ ಕಂಪನಿ ಪ್ಯಾಂಥರ್ ಟ್ಯಾಂಕಿನ ಮಾದರಿ ತಂದಾಗ ಒಳಗೆ ಬ್ಯಾಟರಿ ಹಿಡಿಸುವಷ್ಟು ದೊಡ್ಡದು ಮಾಡಿದರು. ಆಮೇಲೆ ಅಳೆದು ನೋಡಿದರೆ ಸುಮಾರು 35ರಲ್ಲಿ ಒಂದು ಪಾಲು ಬಂತು. ಅದೇ ಮುಂದೆ ಎಲ್ಲರಿಗೂ ರೂಢಿಯಾಯಿತು. ಇದನ್ನು ಅಪ್ಪನಿಗೆ ನಾನು ಹೇಳಿಲ್ಲ. ಹೇಳುವುದೂ ಇಲ್ಲ.

ಎರಡನೆಯ ಪ್ರಶ್ನೆ, "ಇಷ್ಟು ಗಲೀಜಾಗಿದೆಯಲ್ಲೋ?"

ಈ ಟಿ-34ಗೆ ನಾನು ಕೊಡುತ್ತಿದ್ದುದು ಚಳಿಗಾಲ ಮುಗಿಯುವ ಹೊತ್ತಿನ ರೂಪ. ಹಿಮದಲ್ಲಿ ಕಣ್ಣಿಗೆ ಬೀಳದಿರಲಿ ಅಂತ ಹಸಿರು ಟ್ಯಾಂಕಿಗೆ ಸುಲಭವಾಗಿ ತೊಳೆದುಹೋಗುವ ಬಿಳಿ ಬಣ್ಣ ಬಳಿಯುತ್ತಿದ್ದರು. ವಸಂತ ಬರುವ ಹೊತ್ತಿಗೆ ಅದು ಅಲ್ಲಲ್ಲಿ ಸವೆದು ಹಸಿರು ಇಣುಕುತ್ತಿತ್ತು. ಇದನ್ನು ತೋರಿಸಲು ನಾವು ಹಸಿರಿನ ಮೇಲೆ ಹೇರ್ ಸ್ಪ್ರೇ ಹೊಡೆದು, ಅದರ ಮೇಲೆ ಬಿಳಿ ಹೊಡೆಯುತ್ತೇವೆ. ಆಮೇಲೆ ನೀರಿನಲ್ಲಿ ಅದ್ದಿದ ಬ್ರಷ್‌ನಿಂದ ತಿಕ್ಕಿದರೆ ಅಡಿಯ ಹೇರ್ ಸ್ಪ್ರೇ ಕರಗಿ ಬಿಳಿ ಚೂರುಚೂರಾಗಿ ಎದ್ದು ಬರುತ್ತದೆ. ಎರಡೂ ಬದಿ ತಿಕ್ಕಿ, ಕೆಳಗೆ ಕೆಸರು ಮೆತ್ತಿ, ಧೂಳು ಹಾಕಿದ್ದೆ. ವಾರ್ನಿಷ್ ಹೊಡೆಯುವುದೊಂದು ಬಾಕಿ. ಬಾಗಿಲು ಹಾಕಿಕೊಂಡೇ ಆಫೀಸಿಗೆ ಹೋಗಿದ್ದೆ. ಆದರೆ ಆ ಬಾಗಿಲಿನ ಹಿಡಿಯನ್ನೂ ಒರೆಸಬೇಕಲ್ಲ? ಒರೆಸಿದರೆ ಅದು ತೆರೆದುಕೊಳ್ಳುತ್ತದೆ.

ಸಂಜೆ ಬಂದು ನೋಡಿದರೆ ಬಲಬದಿ ಪೂರ್ತಿ ಒರೆಸಿದೆ. ಎಡಬದಿ ಇದ್ದ ಹಾಗೇ ಇದೆ. ಯುದ್ಧ ಒಂದೇ ಕಡೆ ನಡೆದಿದೆ.

"ಅಪ್ಪಾ, ಇದನ್ನ ಮುಟ್ಟಿದ್ರಾ?"

"ಮುಟ್ಟಿದ್ದೆಲ್ಲಿ, ಸುಮ್ನೆ ಒರೆಸಿದೆ. ಅಷ್ಟರಲ್ಲಿ ಫೋನ್ ಬಂತು. ಇನ್ನೊಂದು ಕಡೆ ನಾಳೆ ಮಾಡ್ತೀನಿ ಬಿಡು."

"ಅದು ಬೇಕಂತಲೇ ಹಾಕಿದ್ದ ಮಣ್ಣು ಅಪ್ಪಾ."

"ಬೇಕಂತ ಯಾರಾದ್ರೂ ಮಣ್ಣು ಹಾಕ್ತಾರೇನೋ?" ಅಂದವರು ಒಳಗೆ ಹೋಗಿ ಕಾಗದದ ಪೊಟ್ಟಣವೊಂದನ್ನು ತಂದರು. ಸೈನಿಕರು ಟ್ಯಾಂಕಿನ ಮೇಲೆ ಕೂತಾಗ ಹಿಡಿದುಕೊಳ್ಳುವ ಕಂಬಿ. ಕಡ್ಡಿಯಷ್ಟು ಸಣ್ಣದು. "ಇದು ಕಳಚಿಕೊಂಡಿತ್ತು. ಒರೆಸಿಟ್ಟಿದ್ದೀನಿ."

ರೇಗಾಡೋಣ ಅಂದರೆ ಆ ಪೊಟ್ಟಣ ಬಾಯಿ ಕಟ್ಟಿಹಾಕಿತು. ಟ್ಯಾಂಕಿನ ಎರಡೂ ಬದಿಯ ಫೋಟೊ ತೆಗೆದು, ಇದೇ ಹುಚ್ಚು ಹಿಡಿದಿರುವ ಗೆಳೆಯನಿಗೆ ಕಳಿಸಿದೆ. ಅವನಾದರೂ ಅಯ್ಯೋ ಅನ್ನಲಿ ಅಂತ. ಉತ್ತರ ಬಂತು: "ಬಲಗಡೆ ಭಾರಿ ಚೆನ್ನಾಗಿದೆ ಮಾರಾಯ! ಯಾವ ಬ್ರಷ್ ಬಳಸಿದೆ? ಎಡಗಡೆ ಸ್ವಲ್ಪ ಅತಿಯಾಯ್ತು."

ಭೂತಗನ್ನಡಿ ಹಿಡಿದು ನೋಡಿದೆ. ಮುಚ್ಚಳದ ಅಂಚು, ಮಡ್‌ಗಾರ್ಡಿನ ಮೂಲೆ, ಹತ್ತುವಾಗ ಕಾಲಿಡುವ ಜಾಗ. ಬಿಳಿ ಹೋಗಿದ್ದು ಅಲ್ಲಿ ಮಾತ್ರ. ಬಟ್ಟೆ ತಾಗುವುದು ಉಬ್ಬಿದ ಕಡೆಗೆ, ಮನುಷ್ಯರ ಕೈಕಾಲು ತಾಗುವುದೂ ಅಲ್ಲಿಗೇ. ಸಂದುಗಳಲ್ಲಿ ಬಿಳಿ ಹಾಗೇ ಕೂತಿದೆ, ಅದರಡಿ ಕೆಸರಿನ ತೆಳು ಗೆರೆ. ಇದನ್ನು ಮಾಡಲು ನಾನು ಪಟ್ಟ ಪಾಡು ನನಗೇ ಗೊತ್ತು. ಅಪ್ಪ ಫೋನ್ ಬರುವುದರೊಳಗೆ ಮುಗಿಸಿದ್ದಾರೆ.

ಯೋಚಿಸಿದರೆ ನಿಜವಾದ ಟ್ಯಾಂಕಿನೊಳಗೆ ಕೂರುತ್ತಿದ್ದ ನಾಲ್ಕು ಜನ ಸೈನಿಕರೂ ಅಪ್ಪನ ಕಡೆಯವರೇ. ಬಿಳಿಯನ್ನು ತೊಳೆದವರು, ಚಕ್ರದ ಸಂದಿನ ಕೆಸರನ್ನು ಸಲಾಕೆಯಿಂದ ಕೆರೆದವರು ಅವರೇ ಅಲ್ವಾ? ಎಷ್ಟೋ ಮಂದಿ ಇಪ್ಪತ್ತರ ಆಸುಪಾಸಿನ ಹುಡುಗರು. ನಾನು ಇಷ್ಟಪಟ್ಟು ಮೆತ್ತುವ ಆ ಕೆಸರಿನಿಂದ ಒಮ್ಮೆ ಹೊರಬಂದು ಸ್ನಾನ ಮಾಡಿ ಮಲಗಿದರೆ ಸಾಕಪ್ಪಾ ಅಂದುಕೊಂಡಿರಬೇಕು. ಎಲ್ಲರಿಗೂ ಅದು ಸಿಗಲಿಲ್ಲ.

ಈಗ ನನ್ನ ಕಷ್ಟ ಎಡಬದಿಯದು. ನಾನೇ ಒದ್ದೆ ಬಟ್ಟೆ ಹಿಡಿದು ಸ್ವಲ್ಪ ಪ್ರಯತ್ನಿಸಿದೆ, ಅಪ್ಪನ ಕೈಯ ಅಸಡ್ಡೆ ಬರುವುದಿಲ್ಲ. ಕೊನೆಗೆ ಎಡಬದಿ ಎದುರಿಗೆ ಕಾಣುವ ಹಾಗೆ ಟ್ಯಾಂಕನ್ನು ಹಾಲಿನ ಟೀಪಾಯಿಯ ಮೇಲಿಟ್ಟೆ. ಅಪ್ಪ ಬಂದರು. ಟೀಪಾಯಿ ಒರೆಸಿದರು. ಟ್ಯಾಂಕಿನ ಮುಂದೆ, ಹಿಂದೆ, ತುಪಾಕಿಯ ಕೆಳಗೆ ಎಲ್ಲ ಒರೆಸಿದರು. ಟ್ಯಾಂಕಿಗೆ ಮಾತ್ರ ಬಟ್ಟೆ ತಾಗಿಸಲಿಲ್ಲ.

"ಅಪ್ಪಾ, ಅದಕ್ಕೂ ಸ್ವಲ್ಪ ಧೂಳು ಕೂತಿದೆ ನೋಡಿ."

"ಕೂತಿರಲಿ ಬಿಡು," ಅಂದರು, ಬಟ್ಟೆ ಹಿಂಡುತ್ತಾ. "ಬೇಕಂತಲೇ ಹಾಕಿರ್ತೀಯ."