ಬೆಳ್ಳುಳ್ಳಿ ತಿನ್ನಿಸಿದರೆ ನಾಯಿಯ ರಕ್ತ ಹೀರುವ ಉಣ್ಣೆ ಉದುರುವುದಿಲ್ಲ

‘ನಾಯಿಗೆ ದಿನಕ್ಕೆರಡು ಎಸಳು ಬೆಳ್ಳುಳ್ಳಿ ಕೊಡಿ, ಉಣ್ಣೆಯೂ ಹೋಗುತ್ತದೆ, ಜಂತುಹುಳುವೂ ಸಾಯುತ್ತದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಬಳ್ಳಾರಿಯಲ್ಲಿ ಹರಿದಾಡುತ್ತಿದೆ. ಇದು ಸುಳ್ಳು, ಅಪಾಯಕಾರಿ ಕೂಡ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತವೆ. ಬೆಕ್ಕಿಗೆ ಇನ್ನೂ ಕೆಟ್ಟದ್ದು. ಉಣ್ಣೆಯಿಂದ ಹರಡುವ ಎರ್ಲಿಕಿಯಾ, ಬೇಬಿಸಿಯಾ ಸೋಂಕುಗಳೂ ರಕ್ತಹೀನತೆ ತರುತ್ತವೆ. ಅದರ ಮೇಲೆ ಬೆಳ್ಳುಳ್ಳಿ ಎಂದರೆ ಗಾಯದ ಮೇಲೆ ಬರೆ.

ಉಣ್ಣೆ ಇದೆಯೇ ಎಂದು ನಾಯಿಯ ಕಿವಿಯ ಮಡಿಕೆ, ಕಾಲ್ಬೆರಳ ಸಂದು ತಡವಿ ನೋಡಿ. ಕಾಳಿನಂಥ ಬೂದು ಉಬ್ಬು ಸಿಕ್ಕರೆ ಚಿಮಟವನ್ನು ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ರಕ್ತ ಕುಡಿದ ಹೆಣ್ಣು ಉಣ್ಣೆ ಗೋಡೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ, ಅಲ್ಲಿಗೆ ಯಾವ ಬೆಳ್ಳುಳ್ಳಿ ತಲುಪೀತು?

ಮೂಳೆ ಕಡಿದರೆ ಹಲ್ಲು ಶುಚಿ ಎಂಬ ಮಾತೂ ಅದೇ ಸಂದೇಶದಲ್ಲಿದೆ. ಗಟ್ಟಿ ಮೂಳೆಯಿಂದ ಹಲ್ಲೇ ಮುರಿಯಬಹುದು. ಜಂತುಹುಳುವಿನ ಔಷಧವನ್ನು ಪಶುವೈದ್ಯರು ತೂಕ ನೋಡಿ ಕೊಡುತ್ತಾರೆ.